ಮುರಕಲ್ಲಿನ ಮೇಲೆ ನಲವತ್ತು ಮಹಡಿ: ಹಾಸನದಿಂದ ಮಂಗಳೂರಿಗೆ

ಹಾಸನದಲ್ಲಿ ಮಂಗಳೂರಿನ ಫ್ಲ್ಯಾಟ್ ಬಗ್ಗೆ ವಿಚಾರಿಸುವವರಿಗೆ ಕೊರತೆಯಿಲ್ಲ. ಮಕ್ಕಳ ಓದು ಅಲ್ಲಿ, ಮನೆ ಹಿರಿಯರ ಆಸ್ಪತ್ರೆ ಅಲ್ಲಿ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಒಂದು ಮನೆ ಅಲ್ಲಿರಲಿ ಅನ್ನಿಸುತ್ತದೆ. ಇನ್ನೊಂದು ಕಡೆ, ಹಾಸನದಲ್ಲೇ ಐದಾರು ಮಹಡಿ ಎಬ್ಬಿಸಲು ಹೊರಟವರು ಮಂಗಳೂರಿನ ಎಲಿವೇಶನ್ ತೋರಿಸಿ ‘ಹೀಗೇ ಮಾಡಿಕೊಡಿ’ ಎನ್ನುತ್ತಾರೆ. ಈ ಎರಡೂ ಬಗೆಯವರು ಕೈಯಲ್ಲಿ ಒಂದು ಟೇಪು ಹಿಡಿದು ಮಾಡಬಹುದಾದ ಪ್ರವಾಸ ಇದು. ಸೆಪ್ಟೆಂಬರ್ ಕೊನೆ ಒಳ್ಳೆಯ ಸಮಯ. ಘಟ್ಟದ ರಸ್ತೆ ತೆರೆದಿರುತ್ತದೆ, ಸೋರಿದ ಗೋಡೆಗಳಿಗೆ ಇನ್ನೂ ಬಣ್ಣ ಬಳಿದಿರುವುದಿಲ್ಲ.

ಮೊದಲ ದಿನ: ಘಟ್ಟ ಇಳಿದು ಮಂಗಳೂರಿನ ಪಂಪ್‌ವೆಲ್‌ಗೆ

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 170 ಕಿ.ಮೀ. ಹಗಲು ರೈಲು ಹಿಡಿದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ಯಲ್ಲಿ 57 ಸುರಂಗ ಸಿಗುತ್ತವೆ, ಕಣ್ಣಿಗೆ ಹಬ್ಬ. ಆದರೆ ಈ ಪ್ರವಾಸಕ್ಕೆ ರಸ್ತೆಯೇ ಸರಿ, ಪಾಠ ದೊಡ್ಡತಪ್ಪಲೆಯಲ್ಲೇ ಶುರುವಾಗುತ್ತದೆ. 2024ರ ಜುಲೈಯಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿದ ಜಾಗ ಅದು. ಅಗಲೀಕರಣಕ್ಕೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಒರಗಲು ಏನೂ ಉಳಿಯುವುದಿಲ್ಲ. ಅದರ ಮೇಲೆ ಮಳೆ ನೀರು ಒಳಗೆ ಇಳಿದರೆ ಮಣ್ಣಿನ ತೂಕ ಏರುತ್ತದೆ, ಹಿಡಿತ ಇಳಿಯುತ್ತದೆ. ನಗರದೊಳಗೆ ಬೇಸ್‌ಮೆಂಟ್ ತೋಡುವಾಗ ಆಗುವುದೂ ಇದೇ, ಗುಡ್ಡದ ಬದಲು ಅಲ್ಲಿ ಪಕ್ಕದವರ ಮನೆ ಇರುತ್ತದೆ.

ಗುಂಡ್ಯ, ನೆಲ್ಯಾಡಿ ದಾಟುತ್ತಿದ್ದಂತೆ ಧರೆಗಳ, ಅಂದರೆ ಕಡಿದ ಮಣ್ಣಿನ ಗೋಡೆಗಳ, ಬಣ್ಣ ಬದಲಾಗುತ್ತದೆ. ಮುರಕಲ್ಲಿನ ನಾಡು ಇಲ್ಲಿಂದ ಮುಂದೆ. ಭೂಮಿಯಿಂದ ಕೊಯ್ದು ತೆಗೆದಾಗ ಮೆದುವಾಗಿರುವ ಈ ಕೆಂಪುಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕಟ್ಟಡಕ್ಕೆ ಬಳಸುವ ಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಎರಡು ಮಹಡಿಯ ಮನೆಗೆ ಅಷ್ಟು ಧಾರಾಳ ಸಾಕು. ಬಹುಮಹಡಿ ಗೋಪುರಗಳಲ್ಲಿ ಅದು ಹೆಚ್ಚೆಂದರೆ ಕಾಂಪೌಂಡಿಗೆ ಬಳಕೆಯಾಗುತ್ತದೆ.

ಬಿ.ಸಿ. ರೋಡ್ ಕಳೆದು ತುಂಬೆಯಲ್ಲಿ ಹತ್ತು ನಿಮಿಷ ನಿಲ್ಲಿ. ನೇತ್ರಾವತಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟು ಮಂಗಳೂರಿನ ಕುಡಿಯುವ ನೀರಿನ ಮೂಲ. ಮಳೆಗಾಲದಲ್ಲಿ ತುಂಬಿ ಹರಿಯುವ ಈ ಹೊಳೆ ಏಪ್ರಿಲ್–ಮೇ ಹೊತ್ತಿಗೆ ಬಡವಾಗುತ್ತದೆ. 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ನಗರಕ್ಕೆ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ಒಂದು ಗೋಪುರದ ಲೆಕ್ಕ ಹಾಕಿ: 120 ಫ್ಲ್ಯಾಟ್, ಮನೆಗೆ ನಾಲ್ಕೂವರೆ ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ಸುಮಾರು 73,000 ಲೀಟರ್. ನಲ್ಲಿ ನಿಂತ ದಿನ 12,000 ಲೀಟರಿನ ಟ್ಯಾಂಕರ್ ಆರು ಬರಬೇಕು. ಫ್ಲ್ಯಾಟ್ ಕೊಳ್ಳುವವರು ಈಜುಕೊಳದ ಚಿತ್ರ ನೋಡುವ ಮೊದಲು ನೆಲದಡಿಯ ತೊಟ್ಟಿ ಎಷ್ಟು ಲೀಟರಿನದು ಎಂದು ಕೇಳಬೇಕು. ಎರಡು ದಿನದ ಬಳಕೆಯೂ ಹಿಡಿಯದಿದ್ದರೆ ಟ್ಯಾಂಕರಿನ ಖರ್ಚು ತಿಂಗಳ ನಿರ್ವಹಣಾ ಶುಲ್ಕದಲ್ಲಿ ಬಂದು ಕೂರುತ್ತದೆ.

ಸಂಜೆಗೆ ಬಾವುಟಗುಡ್ಡ, ಟಾಗೋರ್ ಪಾರ್ಕಿನ ಕಡೆ. ಪಡುವಣಕ್ಕೆ ಕಡಲು, ಅದರ ಮುಂದೆ ತೆಂಗಿನ ತಲೆಗಳ ನಡುವೆ ಹಂಚಿನ ಮಾಡು, ಮೂಡಣಕ್ಕೆ ತಿರುಗಿದರೆ ಕದ್ರಿ, ಬೆಂದೂರು, ಕಂಕನಾಡಿಯ ಮೇಲೆ ಗೋಪುರಗಳ ಸಾಲು. ಕದ್ರಿಯ ಪ್ಲಾನೆಟ್ ಎಸ್‌ಕೆಎಸ್ 40 ಮಹಡಿಯದು. ‘ಕಡಲೂರಿನಲ್ಲಿ ಗೋಪುರಗಳು ಕಡಲ ದಡದಲ್ಲಿ ಯಾಕಿಲ್ಲ?’ ಎಂದು ಮೊದಲ ಸಲ ಬಂದವರು ಕೇಳುತ್ತಾರೆ. ಒಂದು ಕಾರಣ, ಭರತ ರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗಡಿಯಿಂದ) 500 ಮೀಟರ್ ಒಳಗಿನ ನೆಲಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಕಟ್ಟು. ಇನ್ನೊಂದು, ಎತ್ತರದ ನೆಲ ನೆರೆಗೆ ಸಿಕ್ಕುವುದಿಲ್ಲ. ಆದರೆ ಗುಡ್ಡದ ಮೇಲಿನ ಜಾಗಕ್ಕೊಂದು ತೊಡಕಿದೆ. ಬಜ್ಪೆ ವಿಮಾನ ನಿಲ್ದಾಣದ ಕಾರಣಕ್ಕೆ ಕೊಡುವ ಎತ್ತರದ ಅನುಮತಿ ಸಮುದ್ರ ಮಟ್ಟದಿಂದ ಲೆಕ್ಕ. ತಳವೇ 60 ಮೀಟರ್ ಎತ್ತರದಲ್ಲಿದ್ದರೆ ಆ 60 ಕಳೆದು ಉಳಿದದ್ದಷ್ಟೇ ಕಟ್ಟಡಕ್ಕೆ. ನೀರಿನ ಟ್ಯಾಂಕ್, ಲಿಫ್ಟ್ ಕೋಣೆ, ಮಿಂಚುವಾಹಕ ಎಲ್ಲವೂ ಆ ಮಿತಿಯೊಳಗೇ ಬರಬೇಕು. ಅನುಮತಿ ಪತ್ರದಲ್ಲಿ ಎರಡು ಸಂಖ್ಯೆ ಇರುತ್ತವೆ, ನಿವೇಶನದ ಮಟ್ಟ ಮತ್ತು ತುದಿಯ ಮಟ್ಟ. ಮೊದಲನೆಯದು ತಪ್ಪಿದ್ದರೆ ಎರಡನೆಯದಕ್ಕೆ ಬೆಲೆಯಿಲ್ಲ.

ಎರಡನೆಯ ದಿನ: ಗುಂಡಿ, ರಾಫ್ಟ್, ಸ್ಲ್ಯಾಬ್

ಬೆಳಿಗ್ಗೆ ಬಲ್ಮಠ, ಬೆಂದೂರುವೆಲ್, ಬಿಜೈ ಕಡೆ ನಡೆದರೆ ತಗಡಿನ ಬೇಲಿಯ ಹಿಂದೆ ಎಲ್ಲಾದರೂ ಒಂದು ಗುಂಡಿ ಕಾಣದೆ ಇರದು. ಅದರ ಗೋಡೆಯಲ್ಲಿ ಮಂಗಳೂರಿನ ನೆಲ ಪದರ ಪದರವಾಗಿ ತೆರೆದುಕೊಂಡಿರುತ್ತದೆ. ಮೇಲೆ ಕೆಲವು ಮೀಟರ್ ಕೆಂಪು ಮುರಕಲ್ಲಿನ ಟೋಪಿ. ಕೆಳಗೆ ಬಿಳಿ, ಹಳದಿ, ನಸುಗೆಂಪು ಬೆರೆತ ನಯವಾದ ಪದರ, ಇಲ್ಲಿನವರು ಶೇಡಿ ಮಣ್ಣು ಎನ್ನುವುದು ಇದನ್ನೇ. ಅದಕ್ಕೂ ಕೆಳಗೆ ಹಳಸಿದ ಬಂಡೆ, ಕೊನೆಗೆ ಗಟ್ಟಿ ಶಿಲೆ.

ಮೋಸ ಮಾಡುವುದು ಶೇಡಿ. ಒಣಗಿದ್ದಾಗ ಹಾರೆಗೂ ಬಗ್ಗುವುದಿಲ್ಲ, ಜನವರಿಯಲ್ಲಿ ಮಣ್ಣು ಪರೀಕ್ಷೆ ಮಾಡಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಜೂನ್‌ನಲ್ಲಿ ನೀರು ಕುಡಿದ ಮೇಲೆ ಅದೇ ಮಣ್ಣು ಕೈಯಲ್ಲಿ ಹಿಡಿದರೆ ಜಾರುತ್ತದೆ. ಮೇಲಿನ ಮುರಕಲ್ಲು ನೆಟ್ಟಗೆ ಕಡಿದರೂ ನಿಲ್ಲುವುದರಿಂದ ಕೆಲಸದವರಿಗೆ ಧೈರ್ಯ ಬಂದುಬಿಡುತ್ತದೆ. ಅದೇ ನೇರದಲ್ಲಿ ಶೇಡಿಯನ್ನೂ ಕಡಿಯುತ್ತಾರೆ. ಮಳೆಯಲ್ಲಿ ಶೇಡಿ ಕೆಳಗಿನಿಂದ ತೊಳೆದುಹೋದರೆ ಮುರಕಲ್ಲು ಗಟ್ಟಿಯಾಗಿಯೇ, ಇಡೀ ಹಲಗೆಯಾಗಿ ಕೆಳಗೆ ಬೀಳುತ್ತದೆ. 2024ರ ಜುಲೈಯಲ್ಲಿ ಬಲ್ಮಠದ ಒಂದು ನಿವೇಶನದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬರನ್ನು ಜೀವಂತ ತೆಗೆದರು, ಇನ್ನೊಬ್ಬರು ಉಳಿಯಲಿಲ್ಲ.

ಇದನ್ನು ತಡೆಯುವ ಕ್ರಮ ಗುಟ್ಟೇನಲ್ಲ. ಅಗೆತ ಅಕ್ಟೋಬರ್‌ನಲ್ಲಿ ಶುರು, ತಡೆಗೋಡೆ ಮೇ ಕೊನೆಯೊಳಗೆ ನೆಲಮಟ್ಟಕ್ಕೆ ಬರಬೇಕು. ಬರುವುದಿಲ್ಲ ಎಂದು ಫೆಬ್ರವರಿಯಲ್ಲಿ ಗೊತ್ತಾದರೆ ಒಂದು ಬೇಸ್‌ಮೆಂಟ್ ಕಡಿಮೆ ಮಾಡುವುದೇ ಬುದ್ಧಿವಂತಿಕೆ. ತೋಡುವುದು ಮೇಲಿನಿಂದ ಕೆಳಕ್ಕೆ, ಒಂದು ಸಲಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚಲ್ಲ. ಪ್ರತಿ ಹಂತದಲ್ಲೂ ಧರೆಗೆ ಸುಮಾರು 100 ಮಿ.ಮೀ. ತೂತು ಕೊರೆದು 20–25 ಮಿ.ಮೀ. ಕಬ್ಬಿಣದ ಸರಳು ತೂರಿಸಿ ಸಿಮೆಂಟ್ ಹಾಲು ತುಂಬುವುದು, ಈ ಸರಳಿನ ಮೊಳೆಗಳ ನಡುವಿನ ಅಂತರ ಒಂದರಿಂದ ಒಂದೂವರೆ ಮೀಟರ್, ಮೇಲೆ ಬಲೆ ಕಟ್ಟಿ 75–100 ಮಿ.ಮೀ. ದಪ್ಪ ಕಾಂಕ್ರೀಟ್ ಸಿಂಪಡಿಸುವುದು, ನೀರು ಹೊರಬರಲು ಕೊಳವೆ ಬಿಡುವುದು. ಆ ಕೊಳವೆ ಮರೆತರೆ ಉಳಿದದ್ದೆಲ್ಲ ವ್ಯರ್ಥ. ಗೋಡೆಯ ಹಿಂದೆ ಮೂರು ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಮೂರು ಟನ್ ಒತ್ತಡ. ಗುಂಡಿಯ ಅಂಚಿನಲ್ಲಿ ಕಬ್ಬಿಣದ ಹೊರೆ, ಅಗೆದ ಮಣ್ಣು, ಕಾರ್ಮಿಕರ ಶೆಡ್ ಕಂಡರೆ ಆ ಮೇಸ್ತ್ರಿಯ ಬೇರೆ ಕೆಲಸವನ್ನೂ ಅನುಮಾನಿಸಬಹುದು. ಗುಂಡಿ ಎಷ್ಟು ಆಳವೋ ಅಷ್ಟು ದೂರದವರೆಗೆ ಅಂಚು ಖಾಲಿಯಿರಬೇಕು.

ಮೊಳೆಗಳು ಪಕ್ಕದವರ ನೆಲದೊಳಕ್ಕೆ ಹೋಗುತ್ತವೆ ಎನ್ನುವುದು ಜಗಳದ ಮೂಲ. ಒಪ್ಪಿಗೆ ಸಿಗದಿದ್ದರೆ 450–600 ಮಿ.ಮೀ. ಪೈಲುಗಳನ್ನು (ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು) ಒತ್ತೊತ್ತಾಗಿ ಇಳಿಸಿ ಗೋಡೆ ಮಾಡಬೇಕು, ಖರ್ಚು ಹೆಚ್ಚು. ಮತ್ತೊಂದು ಜಗಳ ಬಾವಿಯದು. ಇಲ್ಲಿ ಹಳೆಯ ಪ್ರತಿ ಹಿತ್ತಲಲ್ಲೂ ಬಾವಿಯಿದೆ. ಗುಂಡಿಯ ನೀರನ್ನು ಹಗಲಿರುಳು ಪಂಪಿನಿಂದ ಹೊರಹಾಕಿದರೆ ಸುತ್ತಲಿನ ಬಾವಿಗಳ ಮಟ್ಟ ಇಳಿಯುತ್ತದೆ. ಕೆಲಸಕ್ಕೆ ಮುಂಚೆಯೇ ಅಕ್ಕಪಕ್ಕದ ಬಾವಿಗಳ ನೀರಿನ ಮಟ್ಟ, ಗೋಡೆಗಳ ಬಿರುಕು ಎಲ್ಲ ಅಳೆದು, ಫೋಟೋ ತೆಗೆದು, ಎರಡೂ ಕಡೆಯವರು ಸಹಿ ಹಾಕಿಟ್ಟುಕೊಂಡರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ.

ಅಡಿಪಾಯದ ಹಂತದಲ್ಲಿ ಒಂದು ಸೂಕ್ಷ್ಮವಿದೆ. ಶೇಡಿಯ ಕೆಳಗೆ ಬಂಡೆ ಸಮತಟ್ಟಾಗಿಲ್ಲ, ಹಳಸದೆ ಉಳಿದ ಗುಂಡುಕಲ್ಲುಗಳು ನಡುನಡುವೆ ಸಿಗುತ್ತವೆ. ಪೈಲ್ ಕೊರೆಯುವ ಯಂತ್ರ ಒಂದು ಗುಂಡುಕಲ್ಲಿಗೆ ತಾಗಿ ನಿಂತಾಗ ‘ಬಂಡೆ ಬಂತು’ ಎಂದು ಕಾಂಕ್ರೀಟ್ ಸುರಿದರೆ ಆ ಪೈಲ್ ಗುಂಡಿನ ಮೇಲೆ ಕೂತಿರುತ್ತದೆ, ಗುಂಡು ಶೇಡಿಯ ಮೇಲೆ. ಅದಕ್ಕಾಗಿ ಬಂಡೆ ಸಿಕ್ಕ ಮೇಲೂ ಇನ್ನಷ್ಟು ಆಳಕ್ಕೆ ತೂತು ಕೊರೆದು ಮಾದರಿ ತೆಗೆದು ನೋಡುವುದು ಕಡ್ಡಾಯವೆಂದೇ ತಿಳಿಯಬೇಕು. ಪೈಲ್ ಬದಲು ದಪ್ಪ ರಾಫ್ಟ್, ಅಂದರೆ ಕಟ್ಟಡದಡಿ ಪೂರ್ತಿ ಹಾಸಿದ ಕಾಂಕ್ರೀಟ್ ಚಪ್ಪಡಿ, ಆದರೆ ತೊಂದರೆ ಶಾಖದ್ದು. ಎರಡು ಮೀಟರ್ ದಪ್ಪದ ಕಾಂಕ್ರೀಟಿನ ಹೊಟ್ಟೆ ಕಾಯುತ್ತದೆ, ಮೈ ತಣ್ಣಗಿರುತ್ತದೆ. ವ್ಯತ್ಯಾಸ 20 ಡಿಗ್ರಿ ಮೀರದಂತೆ, ಒಳಗಿನ ಶಾಖ 70 ಡಿಗ್ರಿ ದಾಟದಂತೆ ನೋಡಬೇಕು. ಸ್ಲ್ಯಾಗ್ ಅಥವಾ ಹಾರುಬೂದಿ ಬೆರೆತ ಸಿಮೆಂಟ್, ರಾತ್ರಿ ಸುರಿಯುವುದು, ನೀರಿನ ಬದಲು ಸ್ವಲ್ಪ ಮಂಜುಗಡ್ಡೆ ಎಲ್ಲ ಇದಕ್ಕೇ.

ಮಧ್ಯಾಹ್ನ ಮೇಲಿನ ಮಹಡಿಗಳ ಸರದಿ. ಅಲ್ಯೂಮಿನಿಯಂ ಸೆಂಟ್ರಿಂಗ್ ಹಾಕಿದ ಕಡೆ ಗೋಡೆ, ಸ್ಲ್ಯಾಬ್ ಒಟ್ಟಿಗೇ ಸುರಿಯುವುದರಿಂದ ಏಳರಿಂದ ಹತ್ತು ದಿನಕ್ಕೊಂದು ಮಹಡಿ ಏಳುತ್ತದೆ. ಅಂಥ ಮನೆ ಕೊಂಡವರು ಆಮೇಲೆ ಗೋಡೆ ಒಡೆಯುವ ಆಸೆ ಬಿಡಬೇಕು, ಅಲ್ಲಿ ಗೋಡೆಯೇ ಕಂಬ. ಮಾಮೂಲಿ ಪ್ಲೈವುಡ್ ಸೆಂಟ್ರಿಂಗಿನಲ್ಲಿ ಆಸರೆ ತೆಗೆಯುವ ಆತುರ ಕಾಣುತ್ತದೆ. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಉದ್ದವಾದರೆ 14. ಆರು ಮೀಟರ್‌ವರೆಗಿನ ಬೀಮಿಗೆ 14, ಮೀರಿದರೆ 21. ಇದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಲೆಕ್ಕ, ಮೇಸ್ತ್ರಿಯ ಅನುಭವದ ಲೆಕ್ಕ ಬೇರೆ ಇರಬಹುದು.

ಕಡಲಿನ ಉಪ್ಪು ಗಾಳಿ ಇರುವ ಕಡೆ ಅದೇ ಮಾನಕ ಹೊರಮೈಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಘನ ಮೀಟರಿಗೆ 320 ಕೆ.ಜಿ. ಸಿಮೆಂಟ್, ನೀರು–ಸಿಮೆಂಟ್ ಅನುಪಾತ ಗರಿಷ್ಠ 0.45, ಕಬ್ಬಿಣದ ಮೇಲೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ) ಕೇಳುತ್ತದೆ. ಕೆಡುವುದು ಲಾರಿಯಿಂದ ಇಳಿಸುವಾಗ. ಮಿಕ್ಸರ್ ಲಾರಿ ತುಂಬಿದ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ನಂತೂರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು ತಡವಾಗಿ ಬಂದ ಮಾಲು ಗಟ್ಟಿಯಾಗಿರುತ್ತದೆ, ಪಂಪು ಎಳೆಯುವುದಿಲ್ಲ, ಯಾರೋ ಪೈಪು ಹಿಡಿದು ನೀರು ಬಿಡುತ್ತಾರೆ. 380 ಕೆ.ಜಿ. ಸಿಮೆಂಟಿಗೆ 171 ಲೀಟರ್ ನೀರಿದ್ದರೆ ಅನುಪಾತ 0.45. ಮೇಲೆ 20 ಲೀಟರ್ ಬಿದ್ದರೆ 0.50. ಕಾಗದದಲ್ಲಿ ಕಡಲೂರಿನ ಕಾಂಕ್ರೀಟ್, ಸ್ಲ್ಯಾಬಿನಲ್ಲಿ ಒಳನಾಡಿನದು. ನೀರು ಬೇಡ, ಕಾರ್ಖಾನೆಯವರು ಹೇಳಿದ ರಾಸಾಯನಿಕವನ್ನೇ ಇನ್ನಷ್ಟು ಹಾಕಬೇಕು, ಇಲ್ಲವೇ ಲಾರಿ ವಾಪಸ್.

ಮೂರನೆಯ ದಿನ: ಬೀದಿ

ರಥಬೀದಿ, ಬಂದರು ಮೊದಲು. ಅಂಗಡಿಯ ಹಲಗೆ ತೆಗೆದರೆ ಬೀದಿಗೇ ಬಾಗಿಲು, ಮೇಲೆ ಮುಂದಕ್ಕೆ ಚಾಚಿದ ಹಂಚಿನ ಮಾಡು, ಮಳೆಯಲ್ಲಿ ಅದರಡಿಯೇ ಕಾಲುದಾರಿ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ನೇತ್ರಾವತಿ ದಂಡೆಯ ಜೇಡಿ ಮಣ್ಣು ಹಂಚಾಗಿ ಊರಿನ ಬಣ್ಣವನ್ನೇ ನಿರ್ಧರಿಸಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿಗೆ ಇಳಿಜಾರು ಮಾಡು ಅಲಂಕಾರವಲ್ಲ. ಈಗಿನ ಚಪ್ಪಟೆ ತಾರಸಿಗಳ ಮೇಲೂ ಕೊನೆಗೆ ತಗಡಿನ ಮಾಡು ಏಳುತ್ತದೆ. ನಕ್ಷೆಯಲ್ಲಿಲ್ಲದ ಆ ತಗಡು ಊರಿನ ನಿಜವಾದ ವಾಸ್ತುಶಿಲ್ಪಿ ಯಾರೆಂದು ಹೇಳುತ್ತದೆ.

ಅಲ್ಲಿಂದ ಕದ್ರಿ–ಬೆಂದೂರು ಕಡೆ ಬಂದು ಹೊಸ ಗೋಪುರದ ಎದುರು ಕಾಲುದಾರಿಯಲ್ಲಿ ನಿಲ್ಲಿ. ಕತ್ತು ಮೇಲೆತ್ತಬೇಡಿ, ಎದುರಿಗೇ ನೋಡಿ. ಕಾಣುವುದು ಕಾರು ಹತ್ತುವ ಇಳಿಜಾರು, ಜಾಲರಿ ಹಾಕಿದ ಪಾರ್ಕಿಂಗ್ ಮಹಡಿಗಳು, ಟ್ರಾನ್ಸ್‌ಫಾರ್ಮರ್, ಸೆಕ್ಯುರಿಟಿ ಗೂಡು. ಮಹಡಿಗೆ ಮೂರು ಮೀಟರಿನಂತೆ ನಾಲ್ಕು ಮಹಡಿ, 12 ಮೀಟರ್ ಎತ್ತರದವರೆಗೆ ಮನುಷ್ಯರ ಮುಖವಿಲ್ಲ. ನಿನ್ನೆ ಕಂಡ ಶೇಡಿಯೇ ಇದಕ್ಕೆ ಕಾರಣ: ಕೆಳಗೆ ತೋಡುವುದು ದುಬಾರಿ, ಅಪಾಯ, ತೋಡಿದರೂ ಬೇಸ್‌ಮೆಂಟ್ ಒಸರುತ್ತದೆ. ಹಾಗಾಗಿ ಕಾರುಗಳು ನೆಲದ ಮೇಲೆ ಬಂದವು, ಜನ ಅದರ ಮೇಲಕ್ಕೆ ಹೋದರು. ಊರಿನ ಚಹರೆ ಕೆಟ್ಟಿತೆಂದು ದೂರುವವರು ನಲವತ್ತನೇ ಮಹಡಿಯನ್ನು ಬೈಯುತ್ತಾರೆ. ಅದು ಬಾವುಟಗುಡ್ಡದಿಂದ ಚೆನ್ನಾಗಿಯೇ ಕಾಣುತ್ತದೆ. ಕೆಟ್ಟದ್ದು ಕೆಳಗಿನ 12 ಮೀಟರ್. ಬೀದಿಯ ಕಡೆಗೆ ಆರೇಳು ಮೀಟರ್ ಆಳದ ಅಂಗಡಿ ಸಾಲು ಇಟ್ಟು ಪಾರ್ಕಿಂಗನ್ನು ಅದರ ಹಿಂದೆ ಸರಿಸಿದರೆ ಪ್ರತಿ ಮಹಡಿಗೆ ಕೆಲವು ಕಾರಿನ ಜಾಗ ಹೋಗುತ್ತದೆ, ಬೀದಿ ಉಳಿಯುತ್ತದೆ. ಹಾಗೆ ಮಾಡಿದ ಕಟ್ಟಡಗಳೂ ಹಂಪನಕಟ್ಟೆಯ ಸುತ್ತ ಇವೆ, ಸಂಜೆ ಅಲ್ಲಿ ಜನ ನಡೆಯುತ್ತಾರೆ.

ನೀರಿನ ಲೆಕ್ಕವೂ ಇಲ್ಲೇ. ಹಿತ್ತಲು, ಬಾವಿ, ತೆಂಗು ಇದ್ದ ಜಾಗ ಪೂರ್ತಿ ಇಂಟರ್‌ಲಾಕ್ ಆದರೆ 1,000 ಚದರ ಮೀಟರ್ ಮೇಲೆ ಬಿದ್ದ 100 ಮಿ.ಮೀ. ಮಳೆ ಒಂದು ಲಕ್ಷ ಲೀಟರಾಗಿ ತೋಡಿಗೆ (ಹಳ್ಳಕ್ಕೆ) ನುಗ್ಗುತ್ತದೆ. ಗುಡ್ಡದ ಮೇಲಿನ ಈ ನೀರು ಕೆಳಗೆ ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ನಿಲ್ಲುತ್ತದೆ. 2018ರ ಮೇ 29ರ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ತಾರಸಿಯಲ್ಲಿ ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ಕೊಳವೆಯೊಂದು ಸುಮಾರು 43 ಚದರ ಮೀಟರ್ ಮಾತ್ರ ತಾಳುತ್ತದೆ. ಕೊಳವೆ ಎಣಿಸಿ ನೋಡುವುದು ಕಷ್ಟವಲ್ಲ.

ಫ್ಲ್ಯಾಟ್ ನೋಡಲು ಬಂದವರು ಈಗ ಮೇಲೆ ಹತ್ತಬಹುದು. ನೈಋತ್ಯ ಮೂಲೆಯ ಕೋಣೆಗೇ ಮೊದಲು ಹೋಗಿ, ಮಳೆ ಹೊಡೆಯುವುದು ಆ ಕಡೆಯಿಂದ. ಮಾನಕದಲ್ಲಿ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಒತ್ತಡ ವೇಗದ ವರ್ಗದಷ್ಟು ಏರುವುದರಿಂದ ಅದು ಶೇ 40 ಹೆಚ್ಚು. ಅಷ್ಟೇಕೆ, ಸೆಕೆಂಡಿಗೆ 20 ಮೀಟರಿನ ಗಾಳಿ ಬೀಸಿದರೂ ಕಿಟಕಿಯ ಮೇಲೆ 240 ಪಾಸ್ಕಲ್ ಒತ್ತಡ, ಎರಡೂವರೆ ಸೆಂಟಿಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು. ಜಾರುವ ಕಿಟಕಿಯ ಕೆಳಹಳಿಯ ಒಳತುಟಿ ಅದಕ್ಕಿಂತ ಗಿಡ್ಡವಿದ್ದರೆ ನೀರು ಹಾಸಿಗೆಗೆ ಬರುತ್ತದೆ, ಎಷ್ಟು ಸಿಲಿಕೋನ್ ತುಂಬಿದರೂ. ಟೇಪು ಹಿಡಿದು ಅಳೆಯಿರಿ, ನಾಲ್ಕೈದು ಸೆಂ.ಮೀ. ಇರಲಿ. ಹಳಿಯ ಹೊರಗಡೆ ನೀರು ಹೋಗುವ ತೂತುಗಳು ಸಿಮೆಂಟಿನಿಂದ ಮುಚ್ಚಿಹೋಗಿವೆಯೇ ನೋಡಿ, ಹೆಚ್ಚಿನ ಕಡೆ ಮುಚ್ಚಿರುತ್ತವೆ.

ಆಮೇಲೆ ಹತ್ತಿರದ ಇಪ್ಪತ್ತು–ಮೂವತ್ತು ವರ್ಷದ ಹಳೆಯ ಅಪಾರ್ಟ್‌ಮೆಂಟಿಗೆ ಹೋಗಿ ಸಜ್ಜಾದ ಅಡಿ, ಬಾಲ್ಕನಿಯ ಅಂಚು, ಟ್ಯಾಂಕಿನ ಬೀಮು ನೋಡಿ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒದೆಯುತ್ತದೆ. ಕಡಲಿನಿಂದ ಮೂರ್ನಾಲ್ಕು ಕಿ.ಮೀ. ಒಳಗಿದ್ದರೂ ಬಿಡುವುದಿಲ್ಲ. ಹೊಸ ಕಟ್ಟಡದ ಬಣ್ಣದಡಿ ಕವರ್ ಕಾಣದು, ಕೆಲಸ ನಡೆಯುವಾಗಲೇ ಕಬ್ಬಿಣದಡಿ ಇಡುವ ಕವರ್ ಬ್ಲಾಕಿನ ದಪ್ಪ ಅಳೆಯಬೇಕು. ಹಸ್ತಾಂತರವಾದ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 14ನೇ ಕಲಮಿನಂತೆ ಕೊಂಡವರಿಗೆ ಖರ್ಚಿಲ್ಲದೆ ಕಟ್ಟಿದವರೇ ಸರಿಪಡಿಸಬೇಕು. ಅದಕ್ಕೆ ಮೊದಲ ಮಳೆಗಾಲದಿಂದಲೇ ಫೋಟೋ, ಲಿಖಿತ ದೂರು ಇರಲಿ.

ನಾಲ್ಕನೆಯ ದಿನ: ಹಾಸನಕ್ಕೆ ವಾಪಸ್

ಘಟ್ಟ ಹತ್ತಿ 950 ಮೀಟರ್ ಎತ್ತರಕ್ಕೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಉಪ್ಪು ಗಾಳಿಯಿಲ್ಲ, ಹೊರಮೈಗೆ 30 ಮಿ.ಮೀ. ಕವರ್ ಸಾಮಾನ್ಯವಾಗಿ ಸಾಕು, 2016ರ ನಕ್ಷೆಯಲ್ಲಿ ಮಂಗಳೂರು ಭೂಕಂಪದ ಮೂರನೆಯ ವಲಯವಾದರೆ ಹಾಸನ ಎರಡನೆಯದು. ಮಳೆಯೂ ಅಲ್ಲಿನದರ ಮೂರರಲ್ಲೊಂದು ಭಾಗದಷ್ಟೇ. ಆದ್ದರಿಂದ ಮಂಗಳೂರಿನ ಕಬ್ಬಿಣದ ನಕ್ಷೆಯನ್ನು ಹಾಗೇ ತಂದರೆ ದುಡ್ಡು ದಂಡ, ಹಾಸನದ ನಕ್ಷೆಯನ್ನು ಅಲ್ಲಿಗೆ ಒಯ್ದರೆ ಕಟ್ಟಡ ದಂಡ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜೂ ನಮ್ಮ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ಶುರುವಾದದ್ದು 1960ರಲ್ಲೇ. ಎರಡೂ ಊರಿನ ಮಣ್ಣು ಬಲ್ಲವರು ಆರು ದಶಕದಿಂದ ಇದ್ದಾರೆ, ಕೇಳುವವರು ಕಡಿಮೆ.

ಮಂಗಳೂರಿನ ಪೋಡಿಯಂ ಪಾರ್ಕಿಂಗಿಗೆ, ಅಂದರೆ ಕೆಳಮಹಡಿಗಳನ್ನೆಲ್ಲ ಕಾರಿಗೆ ಬಿಡುವುದಕ್ಕೆ, ಹಾಸನದಲ್ಲಿ ನೆಪವಿಲ್ಲ. ಇಲ್ಲಿನ ಎತ್ತರದ ಬಡಾವಣೆಗಳಲ್ಲಿ ಕೆಂಪು ಮಣ್ಣಿನಡಿ ಗರಸು, ಅದರಡಿ ಹಳಸಿದ ಬಂಡೆ. ಒಂದು ಬೇಸ್‌ಮೆಂಟ್ ತೋಡಿ ಕಾರುಗಳನ್ನು ಕೆಳಗಿಳಿಸಿದರೆ ಬಿ.ಎಂ. ರಸ್ತೆ, ಸಾಲಗಾಮೆ ರಸ್ತೆಯ ಅಂಗಡಿ ಬಾಗಿಲು ಬೀದಿಗೇ ಇರಬಹುದು. ಕಷ್ಟ ಇರುವುದು ಕೆರೆಯಂಗಳದಲ್ಲೋ ಕೆರೆಯ ಹಿಂಬದಿಯ ಗದ್ದೆಯಲ್ಲೋ ಎದ್ದ ಬಡಾವಣೆಗಳಲ್ಲಿ. ಅಲ್ಲಿ ಮೇಲೆ ತುಂಬಿದ ಮಣ್ಣು, ಕೆಳಗೆ ಜೇಡಿ, ವರ್ಷವಿಡೀ ನೀರು. ಬೂವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲೂ ಎತ್ತರದ ಮಿತಿ ಬರುವುದನ್ನು ನಿವೇಶನ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಐದಾರು ಮಹಡಿ ಕಟ್ಟುವವರು ಮಣ್ಣು ಪರೀಕ್ಷೆಗೆ ಒಂದೇ ತೂತು ಕೊರೆಸಿ ಕೈತೊಳೆದುಕೊಳ್ಳುವುದು ಹಾಸನದಲ್ಲಿ ಮಾಮೂಲು. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಬೇಕು, ಕಟ್ಟಡದ ಅಗಲದ ಒಂದೂವರೆ ಪಟ್ಟು ಆಳ ಅಥವಾ ಗಟ್ಟಿ ಬಂಡೆಯೊಳಗೆ ಮೂರು ಮೀಟರ್, ಯಾವುದು ಮೊದಲೋ ಅದು. ಒಂದು ಪರೀಕ್ಷೆ ಬೇಸಿಗೆಯಲ್ಲಾದರೆ ನೀರಿನ ಮಟ್ಟವನ್ನು ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ನೋಡಲು ಒಂದು ತೂತನ್ನು ಕೊಳವೆ ಇಳಿಸಿ ಹಾಗೇ ಬಿಟ್ಟಿರಬೇಕು.